ಅಮ್ಮನ ಆಪರೇಷನ್, ನಮ್ಮ ಅಡುಗೆಮನೆ

ತೂಕ ಇಳಿಸೋ ಆಪರೇಷನ್ ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಪೈಪ್ ಹಾಕಿ ಕೊಬ್ಬು ಎಳೆಯೋ ಚಿತ್ರ. ಅದು ಲೈಪೊಸಕ್ಷನ್, ಅದರ ಕಥೆಯೇ ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳೋಕೆ ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಿತ್ತಲ್ಲ, ನಮ್ಮನೇಲಿ ಅಮ್ಮ ಈ ಮಾತು ಎತ್ತಿದ ದಿನ ಅಪ್ಪ ಮೊದಲು ತೆಗೆದಿದ್ದು ಅದನ್ನೇ. "ಆ ಹುಡುಗಿ ಕಥೆ ಮರೆತುಹೋಯ್ತಾ?" ಅಂದ್ರು.

ಅಮ್ಮನದು ಜಠರದ ಆಪರೇಷನ್. ಕೊಬ್ಬನ್ನು ಯಾರೂ ಮುಟ್ಟಲಿಲ್ಲ. (ಜಠರ ಅನ್ನೋ ಪದ ಅಕ್ಕ ಹೇಳಿಕೊಟ್ಟಿದ್ದು. ನಮ್ಮ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ ಎಲ್ಲವೂ 'ಹೊಟ್ಟೆ'ನೇ.) ನಾವು ಅಂದ್ರೆ ಅಪ್ಪ, ಅಕ್ಕ, ಮತ್ತೆ ವಾರಕ್ಕೊಮ್ಮೆ ತುಮಕೂರು ಟ್ರೈನ್ ಹತ್ತೋ ಮೆಕ್ಯಾನಿಕಲ್ ಎರಡನೇ ವರ್ಷದ ಒಂದು ಪ್ರಾಣಿ. ಹೆಸರು ಹಾಕಬಾರದು, ಉಳಿದದ್ದೆಲ್ಲ ಬರಿ ಅಂತ ಅಮ್ಮನೇ ಹೇಳಿದ್ದಾಳೆ.

ಅಮ್ಮ ಪ್ರೈಮರಿ ಸ್ಕೂಲ್ ಟೀಚರ್. ಆಗ 112 ಕೆಜಿ, ಎತ್ತರ 1.56 ಮೀಟರ್. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ನೋಡಿ, ಬಿಎಂಐ 46. ಜೊತೆಗೆ ಶುಗರ್, ಮಂಡಿ ನೋವು, ರಾತ್ರಿ ಉಸಿರು ಕಟ್ಟೋದು. ಮಲಗುವಾಗ ಸಿಪ್ಯಾಪ್ ಮೆಷಿನ್ನಿನ ಮಾಸ್ಕ್ ಬೇಕೇ ಬೇಕು. ಬಾಯಿ ಕಟ್ಟಿದ್ದಳು, ವಾಕಿಂಗ್ ಹೋಗಿದ್ದಳು, ಜೀರಿಗೆ ನೀರು, ಹುರುಳಿ ಕಟ್ಟು, ಯಾರೋ ಹೇಳಿದ ಪೌಡರ್ ಎಲ್ಲ ಆಗಿತ್ತು. ಎಂಟು ಕೆಜಿ ಇಳಿದರೆ ಹತ್ತು ಏರೋದು. ಎಷ್ಟು ಸಲ ಅಂತ ನಾವು ಲೆಕ್ಕ ಇಟ್ಟಿಲ್ಲ, ಅಮ್ಮ ಇಟ್ಟಿದ್ದಳು.

ಆಪರೇಷನ್ನಿಗೆ ಇಂಥವರು ಅರ್ಹರು ಅಂತ ಗೆರೆಗಳಿವೆ. 2022ರಲ್ಲಿ ಅಂತರರಾಷ್ಟ್ರೀಯ ಸರ್ಜನ್ ಸಂಘಗಳು ಅವನ್ನು ಕೆಳಗಿಳಿಸಿದವು: ಬಿಎಂಐ 35 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಸರಿ, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂತ. ಆದರೆ ನಮ್ಮ ಇನ್ಶೂರೆನ್ಸ್ ಪಾಲಿಸಿಗಳಲ್ಲಿ ಹಳೇ ಗೆರೆಯೇ ಇದೆ, 40, ಇಲ್ಲವೇ 35ರ ಜೊತೆಗೆ ತೀವ್ರ ಕಾಯಿಲೆ, ಅದೂ ಬೇರೆ ದಾರಿಗಳೆಲ್ಲ ಸೋತ ಮೇಲೆ. ನಿಮ್ಮ ಮನೇಲಿ ಯಾರಾದರೂ ಯೋಚಿಸ್ತಿದ್ದರೆ ಪಾಲಿಸಿ ಮೊದಲು ಓದಿ. ವೇಟಿಂಗ್ ಪೀರಿಯಡ್ ಅನ್ನೋದು ಸಣ್ಣಕ್ಷರದಲ್ಲಿ ಕೂತಿರತ್ತೆ.

ಆಪರೇಷನ್ನಿಗೆ ಮುಂಚೆ ಅಷ್ಟೊಂದು ಕೆಲಸ ಇರತ್ತೆ ಅಂತ ನಮಗೆ ಗೊತ್ತಿರಲಿಲ್ಲ. ಎಂಡೋಸ್ಕೋಪಿ, ಹೃದಯದ ಎಕೋ, ನಿದ್ದೆಯ ಟೆಸ್ಟ್, ರಾಶಿ ರಕ್ತ ಪರೀಕ್ಷೆ, ಡಯಟೀಷಿಯನ್, ಕೊನೆಗೆ ಸೈಕಾಲಜಿಸ್ಟ್. "ನನಗೇನು ಹುಚ್ಚಾ?" ಅಂತ ಅಮ್ಮ ಮುಖ ಊದಿಸಿಕೊಂಡು ಒಳಗೆ ಹೋದವಳು ಮುಕ್ಕಾಲು ಗಂಟೆ ಆದ ಮೇಲೆ ಕಣ್ಣು ಒರೆಸಿಕೊಂಡು ಬಂದಳು. ಏನು ಮಾತಾಡಿದರು ಅಂತ ನಾವು ಕೇಳಲಿಲ್ಲ.

ಆಮೇಲೆ ಎರಡು ವಾರ ಕಡಿಮೆ ಕ್ಯಾಲರಿಯ ಡಯಟ್, ಹೆಚ್ಚುಕಡಿಮೆ ದ್ರವವೇ. ಇದು ಅಮ್ಮನ ಮನಸ್ಸು ಗಟ್ಟಿ ಇದೆಯಾ ಅಂತ ನೋಡೋ ಪರೀಕ್ಷೆ ಅಂದುಕೊಂಡಿದ್ವಿ. ಅಲ್ಲ. ಕೊಬ್ಬು ತುಂಬಿ ಊದಿದ ಲಿವರ್ ಜಠರದ ಮೇಲೆ ಅಡ್ಡ ಬಿದ್ದಿರತ್ತೆ, ಅದು ಸಣ್ಣಗಾದರೆ ಸರ್ಜನ್ನಿಗೆ ಕೈಯಾಡಿಸಲು ಜಾಗ ಸಿಗತ್ತೆ.

ಆಪರೇಷನ್ ಮಾತ್ರ ಪಕ್ಕಾ ಮೆಕ್ಯಾನಿಕಲ್. ಸ್ಲೀವ್ ಅಂತಾರೆ. ಹೊಟ್ಟೆಗೆ ನಾಲ್ಕೈದು ಸಣ್ಣ ತೂತು, ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಳ್ತಾರೆ. ಬಾಯಿಂದ ಸುಮಾರು 12 ಮಿಲಿಮೀಟರ್ ದಪ್ಪದ ಟ್ಯೂಬ್ ಇಳಿಸಿ, ಅದನ್ನೇ ಗೇಜ್ ಥರ ಇಟ್ಟುಕೊಂಡು ಪಕ್ಕಕ್ಕೆ ಸ್ಟೇಪ್ಲರ್ ಹೊಡೀತಾ ಕತ್ತರಿಸ್ತಾ ಹೋಗ್ತಾರೆ. ಪಿನ್ನುಗಳು ಟೈಟಾನಿಯಮ್ಮಿನವು. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಹೊರಗೆ ಬರತ್ತೆ, ಉಳಿಯೋದು ಬಾಳೆಹಣ್ಣಿನ ಆಕಾರದ ಕೊಳವೆ. ಕತ್ತರಿಸಿದ ಭಾಗದಲ್ಲೇ ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ತಯಾರಾಗೋದು, ಹಾಗಾಗಿ ಹಸಿವೂ ಇಳಿಯತ್ತೆ. ಬೈಪಾಸ್ ಅಂತ ಇನ್ನೊಂದಿದೆ, ಅದರಲ್ಲಿ ಸಣ್ಣ ಚೀಲ ಮಾಡಿ ಕರುಳಿಗೆ ನೇರ ಜೋಡಿಸ್ತಾರೆ. ಅಮ್ಮನಿಗೆ ಸ್ಲೀವ್ ಸಾಕು ಅಂದರು.

ಸಾವಿನ ಅಪಾಯ ಸಾವಿರಕ್ಕೆ ಒಂದರ ಆಸುಪಾಸು, ಪಿತ್ತಕೋಶ ತೆಗೆಯೋ ಆಪರೇಷನ್ನಿನ ಹತ್ತಿರಹತ್ತಿರ. ಇದನ್ನು ಕೇಳಿದ್ದೇ ಅಮ್ಮನಿಗೊಂದು ಐಡಿಯಾ ಬಂತು. "ಯಾರಾದ್ರೂ ಕೇಳಿದ್ರೆ ಪಿತ್ತಕೋಶದಲ್ಲಿ ಕಲ್ಲು ಅನ್ನಿ." ಅಕ್ಕನಿಗೆ ಸಿಟ್ಟು ಬಂತು, ಕದ್ದು ಮಾಡೋ ಕೆಲಸವಾ ಇದು ಅಂತ. ಅಮ್ಮ ಹೇಳಿದ್ದಿಷ್ಟೇ: "ತಿಂದು ತಿಂದು ಊದ್ಕೊಂಡು ಈಗ ದುಡ್ಡು ಕೊಟ್ಟು ಕರಗಿಸ್ಕೊಂಡ್ಲು ಅಂತಾರೆ. ಅದನ್ನ ಕೇಳಿಸ್ಕೊಳ್ಳೋಕೆ ನಂಗೆ ಆಗಲ್ಲ." ನಾವೆಲ್ಲ ಪಿತ್ತಕೋಶದ ಪಾಠ ಒಪ್ಪಿಸಿದ್ವಿ. ತಮಾಷೆ ಅಂದ್ರೆ ತೂಕ ಬೇಗ ಇಳಿದರೆ ನಿಜಕ್ಕೂ ಪಿತ್ತದ ಕಲ್ಲಾಗಬಹುದು, ಅದನ್ನು ತಡೆಯೋಕೆ ಅಂತ ಆರು ತಿಂಗಳ ಮಾತ್ರೆ ಬೇರೆ ಬರೆದುಕೊಟ್ಟರು.

ಆಪರೇಷನ್ ದಿನ ಸಂಜೆಗೇ ಎಬ್ಬಿಸಿ ನಡೆಸಿದರು, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಹೊಟ್ಟೆಗಿಂತ ಭುಜ ನೋಯ್ತಿದೆ ಅಂದಾಗ ಗಾಬರಿ ಆಯ್ತು. ಅದು ಒಳಗೆ ಉಳಿದ ಗ್ಯಾಸ್ ಕೊಡೋ ನೋವಂತೆ, ನಡೆದಷ್ಟೂ ಕಡಿಮೆಯಾಗತ್ತೆ. ಡಿಸ್ಚಾರ್ಜ್ ಮಾಡುವಾಗ ಮೂರು ಮಾತು ಒತ್ತಿ ಹೇಳಿದರು: ಜ್ವರ, ಎದೆಬಡಿತ ಜೋರಾಗೋದು, ಹೊಟ್ಟೆನೋವು ಏರುತ್ತಾ ಹೋಗೋದು. ಸ್ಟೇಪಲ್ ಹಾಕಿದ ಕಡೆ ಲೀಕ್ ಆಗಿರಬಹುದು, ಬೆಳಗಾಗಲಿ ಅಂತ ಕಾಯಬೇಡಿ ಅಂದರು. ಆ ಎರಡು ವಾರ ಅಪ್ಪ ನಿದ್ದೆ ಮಾಡಿದ್ದು ನಾವು ನೋಡಲಿಲ್ಲ.

ಮನೆಗೆ ಬಂದ ಮೇಲೆ ಅಡುಗೆಮನೆಯ ಸಂವಿಧಾನವೇ ಬದಲಾಯ್ತು. ಟಾನಿಕ್ ಮುಚ್ಚಳದಲ್ಲಿ ಅಳೆದು ಗುಟುಕು ಗುಟುಕಾಗಿ ನೀರು, ಸೋಸಿದ ಬೇಳೆ ಕಟ್ಟು, ನೀರು ಮಜ್ಜಿಗೆ. ಆಮೇಲೆ ಮಿಕ್ಸಿಗೆ ಹಾಕಿದ್ದು, ಆಮೇಲೆ ಮೆತ್ತಗಿನದು. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ, ಅರ್ಧ ಗಂಟೆ ಬಿಡಬೇಕು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಅಂದರೆ ಎಷ್ಟು ಅಂತ ನಾಲ್ಕು ಚಮಚ ಹಿಡಿಯೋ ಹೊಟ್ಟೆಗೆ ಲೆಕ್ಕ ಹಾಕಿ ನೋಡಿ, ಇಂಟರ್ನಲ್ಸ್ ಸುಲಭ ಅನ್ಸತ್ತೆ. ನಾಲ್ಕು ಜನಕ್ಕೆ ಅಡುಗೆ ಮಾಡಿ ತಾನು ಹಾಲಿನಲ್ಲಿ ಪ್ರೋಟೀನ್ ಪುಡಿ ಕಲಸಿಕೊಂಡು ಕೂರ್ತಿದ್ದಳು. ಒಂದು ಭಾನುವಾರ ಒಗ್ಗರಣೆ ಹಾಕ್ತಾ ಹಾಕ್ತಾ ಅತ್ತಳು. "ಹೊಟ್ಟೆಗೆ ಹಸಿವಿಲ್ಲ ಕಣೋ, ಬಾಯಿಗಿದೆ" ಅಂದಳು. ಅವತ್ತಿಂದ ಅಪ್ಪ ಒಗ್ಗರಣೆ ಕಲಿತರು. ಮೊದಲ ತಿಂಗಳು ಸಾಸಿವೆಯೆಲ್ಲ ಕಪ್ಪು.

ದೊಡ್ಡ ಜಗಳ ಮುದ್ದೆಯದು. ಡಯಟೀಷಿಯನ್ ಕೊಟ್ಟ ಹಾಳೆಯಲ್ಲಿ ಪ್ರತಿ ತುತ್ತನ್ನೂ ಪೇಸ್ಟ್ ಆಗೋವರೆಗೆ ಅಗಿಯಬೇಕು ಅಂತಿತ್ತು. ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ? ನುಂಗಿದರೇ ಅದು ಮುದ್ದೆ. ಎರಡು ತಿಂಗಳಾದ ಮೇಲೆ ಅಮ್ಮ ತಡೆಯಲಾರದೆ ನಿಂಬೆಹಣ್ಣಿನ ಗಾತ್ರದ್ದನ್ನು ಸೊಪ್ಪಿನ ಸಾರಲ್ಲಿ ಅದ್ದಿ, ನಲವತ್ತೈದು ವರ್ಷದ ಅಭ್ಯಾಸದ ಪ್ರಕಾರ ಗುಳುಂ ಅನಿಸಿದಳು. ಎದೆ ಮಧ್ಯೆ ಸಿಕ್ಕಿಕೊಂಡು, ಮುಕ್ಕಾಲು ಗಂಟೆ ಒದ್ದಾಡಿ, ಬರೀ ನೊರೆ ವಾಂತಿ. ಈಗ ಮುದ್ದೆಯನ್ನು ಸಾರಲ್ಲಿ ಕಿವುಚಿ ಚಮಚದಲ್ಲಿ ತಿಂತಾಳೆ. ಅಜ್ಜಿ ಆ ಕಡೆ ತಿರುಗಿಯೂ ನೋಡಲ್ಲ.

ತೂಕ ಗ್ರಾಫ್ ಹಾಕಿದ ಹಾಗೆ ನೇರವಾಗಿ ಇಳಿಯಲ್ಲ. ಮೂರನೇ ವಾರ ಮುಳ್ಳು ಅಲ್ಲಾಡಲೇ ಇಲ್ಲ, ಇಷ್ಟೆಲ್ಲ ಮಾಡಿಸಿಕೊಂಡು ಹೀಗಾ ಅಂತ ಅಮ್ಮ ಕೂತುಬಿಟ್ಟಳು. ಆಮೇಲೆ ಮತ್ತೆ ಇಳೀತು. ಮೂರು ತಿಂಗಳಿಗೆ 93, ಈಗ ಹನ್ನೊಂದನೇ ತಿಂಗಳಿಗೆ 79. ಶುಗರ್ ಮಾತ್ರೆ ಅರ್ಧಕ್ಕಿಳಿದಿದೆ, ಸಿಪ್ಯಾಪ್ ಮೆಷಿನ್ ಬೀರುವಿನ ಮೇಲಿದೆ. ನಾಲ್ಕನೇ ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬಂತು, ಈಗ ಹೊಸದು ಹುಟ್ಟುತ್ತಿದೆ. ತೋಳಿನ ಚರ್ಮ ಜೋತುಬಿದ್ದಿದೆ, ಅದು ವಾಕಿಂಗಿನಿಂದ ಹೋಗಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ಕೆಲವು ವರ್ಷ ಆದ ಮೇಲೆ ಒಂದಿಷ್ಟು ತೂಕ ವಾಪಸ್ ಬರೋದೂ ಇದೆ, ಡಾಕ್ಟರ್ ಮೊದಲೇ ಹೇಳಿದ್ದಾರೆ. ಇದನ್ನು ಶಾರ್ಟ್‌ಕಟ್ ಅನ್ನೋರು ಒಂದು ವಾರ ನಮ್ಮನೇಲಿ ಬಂದು ಇರಲಿ. ಅಮ್ಮ ತಟ್ಟೆಯಲ್ಲಿ ಬಿಟ್ಟದ್ದನ್ನೆಲ್ಲ ಖಾಲಿ ಮಾಡಿ ಅಪ್ಪ ಮೂರು ಕೆಜಿ ಏರಿದ್ದಾರೆ, ಅದು ಬೇರೆ ವಿಷಯ.

ಜನ ಮಾತ್ರ ಎರಡೂ ಕಡೆ ಬಿಡಲ್ಲ. "ಸ್ವಲ್ಪ ಬಾಯಿ ಕಟ್ಟಮ್ಮ" ಅಂತಿದ್ದ ಅತ್ತೆಯೇ ಈಗ "ಏನಮ್ಮ ಇಷ್ಟು ಸೊರಗಿದ್ದೀಯ, ಶುಗರ್ ಜಾಸ್ತಿ ಆಯ್ತಾ?" ಅಂತಾರೆ. ಅಮ್ಮ ನಗ್ತಾಳೆ, ಪಿತ್ತಕೋಶ ಅಂತಾಳೆ.

ಹೋದ ತಿಂಗಳು ಅವಳ ಸ್ಕೂಲಿನ ಇನ್ನೊಬ್ಬ ಟೀಚರ್, ಅಮ್ಮನಷ್ಟೇ ದಪ್ಪ ಇರೋರು, ಮದುವೆ ಮನೆಯಲ್ಲಿ ಪಕ್ಕಕ್ಕೆ ಕರೆದು ಹೇಗೆ ಇಳಿಸಿದಿರಿ ಅಂತ ಕೇಳಿದರಂತೆ. ಅಮ್ಮನ ಬಾಯಿಗೆ ಬಿಸಿನೀರು, ವಾಕಿಂಗ್ ಅಂತಲೇ ಬಂತಂತೆ. ಅದಕ್ಕವರು, "ನಾನೂ ಎರಡು ವರ್ಷದಿಂದ ಅದನ್ನೇ ಮಾಡ್ತಿದ್ದೀನಿ ಮೇಡಂ, ನಂದೇ ಏನೋ ತಪ್ಪಿರ್ಬೇಕು" ಅಂದರಂತೆ. ಅಮ್ಮ ಅವರ ಕೈ ಹಿಡಿದು ಊಟದ ಪಂಕ್ತಿ ಬಿಟ್ಟು ಹೊರಗೆ ಕರಕೊಂಡು ಹೋಗಿ, ಸ್ಟೇಪ್ಲರಿನಿಂದ ಮುದ್ದೆಯವರೆಗೆ ಪೂರ್ತಿ ಹೇಳಿದ್ದಾಳೆ. ನಮ್ಮನ್ನು ಬಿಟ್ಟು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಮನೆಗೆ ಬಂದು ನಮಗೂ ಹೇಳಿದಳು, ಯಾಕೋ ಸ್ವಲ್ಪ ಹೆದರಿಕೊಂಡೇ. ಅಕ್ಕ ಏನೂ ಅನ್ನಲಿಲ್ಲ, ಎದ್ದು ಹೋಗಿ ಎಲ್ಲರಿಗೂ ಕಾಫಿ ಮಾಡಿದಳು, ಅಮ್ಮನಿಗೆ ಅರ್ಧ ಲೋಟ.

ಮುಂದಿನ ಗುರುವಾರ ಆ ಟೀಚರಿಗೆ ಎಂಡೋಸ್ಕೋಪಿ. ಅವರ ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಅಮ್ಮ ರಜೆ ಹಾಕಿದ್ದಾಳೆ, ಜೊತೆಗೆ ಹೋಗ್ತಾಳೆ.