ಅಪ್ಪ, ಟುಷರ್ ಬೆಟ್ಟ ಮತ್ತು ಒಂದು ಹರಿದ ಬೆಲ್ಟ್

ಅಪ್ಪ ಅಮೆರಿಕಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಸಾಲ್ಟ್ ಲೇಕ್ ಸಿಟಿಯ ನಮ್ಮ ಮನೆಯ ಹಿತ್ತಲಿನಿಂದ ವಾಸಾಚ್ ಬೆಟ್ಟಗಳು ಕಾಣುತ್ತವೆ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದನ್ನೇ ನೋಡ್ತಾ ಕೂರೋರು. ಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಎಪ್ಪತ್ತೊಂದು ವರ್ಷದಲ್ಲಿ ಹೆಚ್ಚಿನದನ್ನು ಗುಡ್ಡ ಹತ್ತಿ ಇಳಿದೇ ಕಳೆದ ಮನುಷ್ಯ. ಈಗ ಎರಡೂ ಮಂಡಿ ಸವೆದಿವೆ. ಹತ್ತು ನಿಮಿಷ ನಡೆದರೆ ಕೂರಲು ಜಾಗ ಹುಡುಕುತ್ತಾರೆ.

"ಇಷ್ಟು ದೂರ ಬಂದು ಬೆಟ್ಟನ ಕೆಳಗಿಂದ ನೋಡಿ ವಾಪಸ್ ಹೋಗೋದಾಯ್ತು ಮಾರಾಯ" ಅಂದರು ಒಂದಿನ. ದೂರಲ್ಲ, ಸುಮ್ಮನೆ ಬಂದ ಮಾತು. ಆದರೆ ಅವತ್ತು ರಾತ್ರಿಯಿಂದಲೇ ನಾನು ಫೋನಿನಲ್ಲಿ ಸೈಡ್ ಬೈ ಸೈಡ್ ಗಾಡಿಗಳ ಬೆಲೆ ನೋಡಲು ಶುರು ಮಾಡಿದೆ.

ಈ ಗಾಡಿ ನೋಡಿಲ್ಲದವರಿಗೆ ಹೇಳುವುದಾದರೆ, ಜೀಪಿಗೂ ಗಾಲ್ಫ್ ಕಾರ್ಟಿಗೂ ಹುಟ್ಟಿದ ಮಗು ಇದು. ಅಕ್ಕಪಕ್ಕ ಸೀಟು, ಸ್ಟಿಯರಿಂಗ್, ತಲೆ ಮೇಲೆ ಕಬ್ಬಿಣದ ಪಂಜರ, ದಪ್ಪ ಟೈರು, ಹಿಂದೆ ಹುಲ್ಲೋ ಗೊಬ್ಬರವೋ ತುಂಬೋಕೆ ಒಂದು ತೊಟ್ಟಿ. ಕಾವಾಸಾಕಿಯವರ ಮ್ಯೂಲ್ 1988ರಲ್ಲಿ, ಪೊಲಾರಿಸ್ ರೇಂಜರ್ 1998ರಲ್ಲಿ ಬಂದವು. ಆಗ ಇವು ರೈತರ ಗಾಡಿಗಳು. ಆಮೇಲೆ ಮೋಜಿಗೆ ಅಂತಲೇ ಇನ್ನೊಂದು ಜಾತಿ ಹುಟ್ಟಿತು: ಉದ್ದದ ಸಸ್ಪೆನ್ಷನ್, ಟರ್ಬೊ, ಒಳ್ಳೆ ಕಾರಿನ ಬೆಲೆ. ನನಗೆ ಬೇಕಿದ್ದದ್ದು ಮೊದಲನೇ ಜಾತಿಯದು. ಅಪ್ಪನನ್ನು ಬೆಟ್ಟದ ತಲೆ ಮೇಲೆ ಇಳಿಸಿದರೆ ಸಾಕು.

ಸೆಪ್ಟೆಂಬರ್ ಕೊನೆಯ ಒಂದು ಶುಕ್ರವಾರ ರಜೆ ಹಾಕಿ ದಕ್ಷಿಣಕ್ಕೆ ಹೊರಟೆವು. ಅಪ್ಪ, ಹೆಂಡತಿ, ನಾನು. ಪ್ಲಾನ್ ಸರಳ: ಶುಕ್ರವಾರ ಶೋರೂಮು, ಶನಿವಾರ ಬಾಡಿಗೆ ಗಾಡಿಯಲ್ಲಿ ಬೆಟ್ಟ, ಸೋಮವಾರ ಸಾಲದ ಕಾಗದಕ್ಕೆ ಸಹಿ. ಭಾನುವಾರ ಲೆಕ್ಕಕ್ಕಿಲ್ಲ, ಯೂಟಾದ ಸಣ್ಣ ಊರುಗಳಲ್ಲಿ ಅವತ್ತು ಹೆಚ್ಚಿನ ಅಂಗಡಿ ಮುಚ್ಚಿರುತ್ತೆ.

ಸುಮಾರು ಮೂರು ತಾಸಿನ ದಾರಿ. ಗುರಿ ಮೇರಿಸ್‌ವೇಲ್ ಎಂಬ ಪುಟ್ಟ ಊರು. ಯೂಟಾ ಅಂದರೆ ಎಲ್ಲರೂ ಮೋಆಬ್‌ನ ಕೆಂಪು ಬಂಡೆ ಅಂತಾರೆ. ನಾವು ಬೇಕಂತಲೇ ಇಲ್ಲಿಗೆ ಬಂದದ್ದು, ಯಾಕೆಂದರೆ ಪೈಯೂಟ್ ಟ್ರೇಲ್ ಇಲ್ಲಿ ಹಾದುಹೋಗುತ್ತೆ. ಮುಖ್ಯ ಸುತ್ತೇ 250 ಮೈಲಿಗೂ ಹೆಚ್ಚು. ಅದಕ್ಕೆ ಕವಲೊಡೆದ ಮಣ್ಣುದಾರಿಗಳು ಇನ್ನೆಷ್ಟೋ. ಊರೊಳಗೆ ಈ ಗಾಡಿಗಳು ರಾಜಾರೋಷವಾಗಿ ಓಡಾಡ್ತವೆ. ಪೆಟ್ರೋಲ್ ಬಂಕಿನಲ್ಲಿ ಕಾರಿಗಿಂತ ಇವೇ ಜಾಸ್ತಿ. "ನಮ್ಮ ಕಡೆ ಸಂತೆ ದಿನ ಜೀಪು ನಿಂತ ಹಾಗಿದೆ" ಅಂದರು ಅಪ್ಪ.

ಶೋರೂಮ್ ಸಿಕ್ಕಿದ್ದು ದಾರಿಯಲ್ಲೇ ಬರುವ ಸ್ವಲ್ಪ ದೊಡ್ಡ ಊರಲ್ಲಿ. ನಾನು ಕಣ್ಣಿಟ್ಟಿದ್ದ ಹೊಸ ಗಾಡಿಯ ಚೀಟಿಯಲ್ಲಿ 18 ಸಾವಿರ ಡಾಲರ್ ಇತ್ತು. ಸೇಲ್ಸ್‌ನ ಹುಡುಗ ಒಳ್ಳೆಯವನೇ, ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಟ್ಟ. ಆದರೆ ಕೇಳಬೇಕು! ಸಾಗಾಟದ ವೆಚ್ಚ ಬೇರೆ. ಪೆಟ್ಟಿಗೆ ಬಿಚ್ಚಿ ಜೋಡಿಸುವ ಸೆಟಪ್ ಬೇರೆ. ಕಾಗದಪತ್ರದ್ದು ಬೇರೆ, ತೆರಿಗೆ ಬೇರೆ. ಮೇಲ್ಛಾವಣಿ ಇಲ್ಲ, ಅದು ಆಕ್ಸೆಸರಿ. ಮುಂದಿನ ಗಾಜೂ ಆಕ್ಸೆಸರಿ. ಸಿಕ್ಕಿಬಿದ್ದರೆ ಎಳೆದುಕೊಳ್ಳೋಕೆ ವಿಂಚ್ ಬೇಕಲ್ಲ, ಅದೂ. ಕೊನೆಗೆ ಕಾಗದದ ಮೇಲೆ ಬಂದದ್ದು 24 ಸಾವಿರ ಚಿಲ್ಲರೆ. ಮನೆವರೆಗೆ ತರೋಕೆ ಟ್ರೈಲರ್ ಇನ್ನೊಂದು ಎರಡು ಸಾವಿರ. ಗಾಡಿಯನ್ನಷ್ಟೇ ರೂಪಾಯಿಗೆ ಗುಣಿಸಿದರೂ ಇಪ್ಪತ್ತು ಲಕ್ಷದ ಆಸುಪಾಸು. ಅಪ್ಪ ಗುಣಿಸಿಯೇ ಬಿಟ್ಟರು, ಬೇಡ ಅಂದರೂ.

ವಾರಂಟಿ ವಿಷಯ ಇನ್ನೂ ತಮಾಷೆ. ಇಷ್ಟು ದುಡ್ಡಿನ ಹಲವು ಗಾಡಿಗಳಿಗೆ ಕಂಪನಿ ಕೊಡೋದು ಆರು ತಿಂಗಳು. ಹೋಂಡಾದವರು ಒಂದು ವರ್ಷ, ಕಾವಾಸಾಕಿಯವರು ಮ್ಯೂಲ್‌ಗೆ ಮೂರು ವರ್ಷ ಕೊಡುತ್ತಾರೆ. ಹೆಚ್ಚಿಗೆ ಬೇಕಾದರೆ ದುಡ್ಡು ಕೊಟ್ಟು ಉದ್ದ ಮಾಡಿಕೊಳ್ಳಬೇಕು. "ಮಳೆಗಾಲ ಒಂದು ದಾಟೋ ತನಕವೂ ಇಲ್ಲ" ಎಂದರು ಅಪ್ಪ.

ಹೊರಗೆ ಬಂದರೆ ಹಳೇ ಗಾಡಿಗಳ ಸಾಲಿನ ಕೊನೆಯಲ್ಲಿ ಅಪ್ಪ ಗಕ್ಕನೆ ನಿಂತುಬಿಟ್ಟರು. "ಇದು ನಮ್ಮ ಮಹೀಂದ್ರ ಅಲ್ವನಾ?"

ಹೌದು. ರಾಕ್ಸರ್. ಮಹೀಂದ್ರದವರು 2018ರಲ್ಲಿ ಅಮೆರಿಕಕ್ಕೆ ತಂದದ್ದು. ಭಾರತದಿಂದ ಬಂದ ಬಿಡಿಭಾಗಗಳನ್ನು ಮಿಷಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ ಜೋಡಿಸಿ, ರಸ್ತೆಗಲ್ಲ, ಗುಡ್ಡಗಾಡಿಗೆ ಅಂತಲೇ ಮಾರುತ್ತಿದ್ದರು. ಅದೇ 2.5 ಲೀಟರ್ ಡೀಸೆಲ್ ಎಂಜಿನ್, ಅದೇ ಐದು ಗೇರು, ಉಕ್ಕಿನ ಮೈ. ನೋಡೋಕೆ ಜೀಪಿನ ಹಾಗೇ ಇದೆ ಅಂತ ಫಿಯಟ್ ಕ್ರೈಸ್ಲರ್‌ನವರು ಅಮೆರಿಕದ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟರು. 2020ರಲ್ಲಿ ಆಯೋಗ ಹೌದಪ್ಪ ಹಾಗೇ ಇದೆ ಎಂದಿತು. ಮಹೀಂದ್ರ ಮೂತಿ ಬದಲಾಯಿಸಿತು. ಹೊಸ ಮೂತಿಗೆ ಆ ವರ್ಷದ ಕೊನೆಗೆ ಅನುಮತಿ ಸಿಕ್ಕಿತು. ನಮ್ಮೆದುರು ನಿಂತಿದ್ದದ್ದು ಹಳೇ ಮೂತಿಯದು.

ಅಪ್ಪ ಮಂಡಿ ನೋವು ಮರೆತು ಬಗ್ಗಿ ಅಡಿ ನೋಡಿದರು, ಬಾನೆಟ್ ಎತ್ತಿಸಿದರು. ಅಡಿಕೆ ಗೋಣಿ, ಬಾಣಂತಿ, ಗಣಪತಿ ಮೂರ್ತಿ ಎಲ್ಲವನ್ನೂ ಹೊತ್ತ ಜೀಪು ನಮ್ಮ ಮನೆಯಲ್ಲಿತ್ತು. ನಾನು ಗೇರು ಕಲಿತದ್ದೂ ಅದರಲ್ಲೇ. ನಿಜ ಹೇಳ್ತೀನಿ, ಆ ಐದು ನಿಮಿಷ ನಾನು ಬೆಲೆನೂ ನೋಡಿರಲಿಲ್ಲ, ಕೊಳ್ಳೋದು ಅಂತ ನಿರ್ಧಾರ ಮಾಡಿಬಿಟ್ಟಿದ್ದೆ.

ಅಪ್ಪನೇ ತಡೆದರು. "ಇದರ ಕ್ಲಚ್ ಪ್ಲೇಟು ಹೋದ್ರೆ ಇಲ್ಲಿ ಎಲ್ಲಿ ಸಿಗುತ್ತೆ, ಕೇಳು." ಕೇಳಿದೆ. ಅಂಗಡಿಯಲ್ಲಿ ಇಲ್ಲ, ತರಿಸಬೇಕು, ಎಷ್ಟು ದಿನ ಅಂತ ಹೇಳೋಕಾಗಲ್ಲ ಎಂದ ಹುಡುಗ. "ಹಾಗಾದ್ರೆ ನಮಸ್ಕಾರ ಹೇಳಿ ಬಾ" ಎಂದು ಬಾನೆಟ್ಟನ್ನು ಮೆಲ್ಲಗೆ ತಟ್ಟಿ ನಡೆದರು.

ಶನಿವಾರ ಬೆಳಿಗ್ಗೆ ನಾಲ್ಕು ಸೀಟಿನ ಬಾಡಿಗೆ ಗಾಡಿ ಹತ್ತಿದೆವು. ದಿನಕ್ಕೆ ಸುಮಾರು 400 ಡಾಲರ್. ಯೂಟಾದಲ್ಲಿ ಇದನ್ನು ಓಡಿಸೋಕೆ ಮುಂಚೆ ಆನ್‌ಲೈನಿನಲ್ಲಿ ಒಂದು ಸುರಕ್ಷತಾ ಪಾಠ ಮುಗಿಸಬೇಕು, ಅದನ್ನು ಹಿಂದಿನ ರಾತ್ರಿ ಮುಗಿಸಿದ್ದೆ. ಪಾಠದಲ್ಲಿ ಬೆಲ್ಟಿನ ಬಗ್ಗೆ ಹೇಳಿದ್ದರೋ ಇಲ್ಲವೋ, ನಾನಂತೂ ಅರ್ಧ ನಿದ್ದೆಯಲ್ಲಿದ್ದೆ.

ಮೇಲೆ ಹೋದ ಹಾಗೆ ಆಸ್ಪೆನ್ ಮರಗಳು. ಬಿಳಿ ಕಾಂಡ, ಚಿನ್ನದ ಬಣ್ಣದ ಎಲೆ, ಗಾಳಿ ಸೋಕಿದರೆ ಸಾಕು ಇಡೀ ಕಾಡು ನಡುಗುತ್ತೆ. "ಅಡಿಕೆ ತೋಟಕ್ಕೆ ಸುಣ್ಣ ಬಳಿದ ಹಾಗಿದೆ" ಅಂದರು ಅಪ್ಪ. ಇದೇ ಫಿಶ್‌ಲೇಕ್ ಅರಣ್ಯದ ಇನ್ನೊಂದು ಭಾಗದಲ್ಲಿ ಪಾಂಡೊ ಇದೆ: ನೂರು ಎಕರೆಗೂ ಹೆಚ್ಚು ಜಾಗ, ಸುಮಾರು 47 ಸಾವಿರ ಕಾಂಡ, ಆದರೆ ಬೇರು ಒಂದೇ, ಮರ ಒಂದೇ. ಅಪ್ಪನಿಗೆ ಹೇಳಿದರೆ ನಂಬಲಿಲ್ಲ. ನಂಬದ ವಿಷಯಕ್ಕೆ "ಇರಬಹುದು" ಅನ್ನುವುದು ಅವರ ಅಭ್ಯಾಸ.

ಟುಷರ್ ಬೆಟ್ಟಗಳು ತಮಾಷೆಯಲ್ಲ. ಅತಿ ಎತ್ತರದ ಡೆಲಾನೊ ಶಿಖರ 12,169 ಅಡಿ, ನಮ್ಮ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಎರಡು ಪಟ್ಟು. ಸಾವಿರ ಅಡಿ ಹತ್ತಿದರೆ ಟರ್ಬೊ ಇಲ್ಲದ ಎಂಜಿನ್ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತೆ. ಹತ್ತು ಸಾವಿರ ಅಡಿಯಲ್ಲಿ ನಿಮ್ಮ ಗಾಡಿ ಶೋರೂಮಿನಲ್ಲಿ ಹೇಳಿದ ಗಾಡಿಯೇ ಅಲ್ಲ. ಕಡಿದಾದ ಕಲ್ಲುದಾರಿಯಲ್ಲಿ ಅದು ಏದುಸಿರು ಬಿಡುತ್ತಿತ್ತು, ನಾನು ಆಕ್ಸಿಲರೇಟರ್ ಒತ್ತುತ್ತಲೇ ಇದ್ದೆ. ರಬ್ಬರ್ ಸುಟ್ಟ ವಾಸನೆ ಬಂತು. ಆಮೇಲೆ ಪಟ್ ಅಂತ ಒಂದು ಸದ್ದು. ಎಂಜಿನ್ ಕಿರುಚುತ್ತಿದೆ, ಗಾಡಿ ಮಾತ್ರ ಕದಲುತ್ತಿಲ್ಲ.

ಬೆಲ್ಟ್ ಹರಿದಿತ್ತು. ಇಂಥ ಬಹುಪಾಲು ಗಾಡಿಗಳಲ್ಲಿ ಗೇರಿನ ಬದಲು ಎರಡು ಪುಲ್ಲಿ, ನಡುವೆ ಒಂದು ರಬ್ಬರ್ ಬೆಲ್ಟ್. ನಿಮ್ಮ ಆಕ್ಟಿವಾದಲ್ಲಿ ಇರೋದೇ, ಸ್ವಲ್ಪ ದಪ್ಪದ್ದು. ಹಾಯಾಗಿ ಓಡುತ್ತೆ, ಹರಿದರೆ ಅಲ್ಲಿಗೆ ಮುಗೀತು.

ಮಧ್ಯಾಹ್ನ ಒಂದು ಗಂಟೆ. ಫೋನಿಗೆ ಸಿಗ್ನಲ್ ಇಲ್ಲ. ಊಟದ ನಂತರ ಅಪ್ಪ ನುಂಗಬೇಕಾದ ಬಿಪಿ ಮಾತ್ರೆ ಮೋಟೆಲಿನ ಮೇಜಿನ ಮೇಲೆ. ಬಿಸಿಲಿದ್ದರೂ ಗಾಳಿ ಕೊರೆಯುತ್ತಿತ್ತು. ಅಪ್ಪ ನನ್ನ ಜಾಕೆಟ್ಟನ್ನೂ ಹೊದ್ದು "ಎಂತದೂ ಆಗಲ್ಲ" ಅಂತ ಕೂತರು. ಮುಖ ಮಾತ್ರ ಬಿಳಿಚಿತ್ತು. ಹೆಂಡತಿ ಒಂದೂ ಮಾತಾಡಲಿಲ್ಲ. ಅದು ಮಾತಾಡಿದ್ದಕ್ಕಿಂತ ಕಷ್ಟ. 24 ಸಾವಿರ ಡಾಲರ್ ಸಾಲ ಮಾಡಿ ಸೋಮವಾರ ಇಂಥದ್ದನ್ನೇ ಮನೆಗೆ ತರುವವನು ನಾನು, ಇವತ್ತು ಎಪ್ಪತ್ತೊಂದರ ಅಪ್ಪನನ್ನು ಹತ್ತು ಸಾವಿರ ಅಡಿ ಮೇಲೆ ಕೂರಿಸಿ ಫೋನನ್ನು ಆಕಾಶಕ್ಕೆ ಹಿಡಿದು ನಿಂತಿದ್ದೆ.

ಸುಮಾರು ಎರಡೂವರೆ ಗಂಟೆ ಕಾದ ಮೇಲೆ ಒಬ್ಬ ಮುದುಕ ಬಂದ. ಬೇಸಿಗೆಯಿಡೀ ಮೇಲೆ ಮೇಯಲು ಬಿಟ್ಟ ದನಗಳನ್ನು ಕೆಳಗಿಳಿಸುವ ಕಾಲ ಅದು. ಅವನ ಗಾಡಿ ಹಳೇ ಮ್ಯೂಲ್, ಸೀಟಿಗೆಲ್ಲ ಟೇಪು. ನಮ್ಮ ಗಾಡಿಯ ಬೆಲ್ಟ್ ಕವರನ್ನು ಮುಟ್ಟಿ ನೋಡಿ ಒಂದೇ ಪ್ರಶ್ನೆ ಕೇಳಿದ: ಹೈನಲ್ಲಿ ಹತ್ತಿಸಿದ್ಯಾ, ಲೋನಲ್ಲಾ?

ಹೈನಲ್ಲಿ. ದಿನವಿಡೀ ಹೈನಲ್ಲೇ. ಲೋ ಗೇರು ಇರೋದು ಕೆಸರಿಗೆ ಅಂದುಕೊಂಡಿದ್ದೆ. ನಿಧಾನದ ಏರಿಗೆ, ಜನ ತುಂಬಿದಾಗ, ಲೋ ಹಾಕದಿದ್ದರೆ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಜಾರಿ ಕಾದು ಸಾಯುತ್ತದಂತೆ. ತನ್ನದರಲ್ಲೂ ಬೆಲ್ಟೇ ಇರೋದು ಎಂದು ಸೀಟು ಎತ್ತಿ ತೋರಿಸಿದ. ಅಲ್ಲೊಂದು ಹೊಸ ಬೆಲ್ಟು, ಅದನ್ನು ಬದಲಾಯಿಸೋ ಸ್ಪ್ಯಾನರ್. ಅದು ನಮ್ಮದಕ್ಕೆ ಹೊಂದುವುದಿಲ್ಲ. ನ್ಯೂಟ್ರಲ್ ಹಾಕಿಸಿ, ಪಟ್ಟಿ ಕಟ್ಟಿ, ಮೆಲ್ಲಗೆ ಎಳೆದುಕೊಂಡು ಹೊರಟ. ಅಪ್ಪ ಅವನ ಪಕ್ಕ ಕೂತರು. ಬಂದಷ್ಟು ಇಂಗ್ಲಿಷಿನಲ್ಲಿ "ಹೌ ಮೆನಿ ಕೌ?" ಅಂತ ಶುರುವಾದ ಮಾತು ಊರು ಮುಟ್ಟುವ ತನಕ ನಿಲ್ಲಲಿಲ್ಲ. ಕರುವಿನ ಭೇದಿಯ ಬಗ್ಗೆಯೂ ಮಾತಾಡಿದರಂತೆ. ಹೇಗೆ ಅಂತ ಕೇಳಬೇಡಿ.

ಮೋಟೆಲಿಗೆ ಬಂದು ಮಾತ್ರೆ ನುಂಗಿಸಿ ಬಿಪಿ ನೋಡಿದರೆ ಜಾಸ್ತಿಯೇ ಇತ್ತು. ರಾತ್ರಿ ಇಳಿಯಿತು. ಬಾಡಿಗೆಯವರು ಬೆಲ್ಟಿನ ದುಡ್ಡು ನಮ್ಮಿಂದಲೇ ವಸೂಲಿ ಮಾಡಿದರು. ಕಾಗದದಲ್ಲಿ ಸಣ್ಣಕ್ಷರದಲ್ಲಿ ಬರೆದಿತ್ತು. ಜಗಳ ಆಡೋ ಮುಖ ನನಗಿರಲಿಲ್ಲ.

ನಿದ್ದೆ ಬರದೆ ಫೋನಿನಲ್ಲಿ ಓದುತ್ತಾ ಕೂತೆ. ಈ ಸಲ ಬೆಲೆಯಲ್ಲ, ರಿಕಾಲ್ ಪಟ್ಟಿ. ಬೆಂಕಿ ಹತ್ತುವ ದೋಷವನ್ನು ಸಕಾಲಕ್ಕೆ ತಿಳಿಸಲಿಲ್ಲ ಎಂಬ ಆರೋಪ ಇತ್ಯರ್ಥ ಮಾಡಿಕೊಳ್ಳಲು ಪೊಲಾರಿಸ್ 2018ರಲ್ಲಿ 2 ಕೋಟಿ 72.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತ್ತು. ಆ ಬ್ರ್ಯಾಂಡ್ ಬೇಡ ಅಂತ ಹೇಳ್ತಿಲ್ಲ, ಹೆಚ್ಚಿನ ಕಂಪನಿಗಳದ್ದೂ ಯಾವುದೋ ಒಂದು ರಿಕಾಲ್ ಇದ್ದೇ ಇದೆ. ನೀವು ಕೊಳ್ಳುವ ಗಾಡಿಯ ನಂಬರ್ ಕೊಟ್ಟು, ರಿಕಾಲಿನ ರಿಪೇರಿ ಆಗಿದೆಯಾ ಅಂತ ಡೀಲರ್ ಹತ್ತಿರ ಕೇಳಿ. ಐದು ನಿಮಿಷದ ಕೆಲಸ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಅಪ್ಪ ಲೆಕ್ಕ ತೆಗೆದರು. ಹೊಸದು, ಟ್ರೈಲರ್ ಸೇರಿ 26 ಸಾವಿರ. ಬಾಡಿಗೆ ದಿನಕ್ಕೆ 400. ಅಂದರೆ 65 ದಿನ. "ವರ್ಷಕ್ಕೆ ಎಷ್ಟು ದಿನ ಬರ್ತಿ?" ಹೆಚ್ಚೆಂದರೆ ಹತ್ತು ಅಂದೆ. ಹೆಂಡತಿ ಆರು ಅಂದಳು. ಅವಳದ್ದೇ ಸರಿ. ಇಳಿಯುವ ಬೆಲೆ, ಇನ್ಶೂರೆನ್ಸ್, ಸರ್ವಿಸ್ ಯಾವುದನ್ನೂ ಅಪ್ಪ ಇನ್ನೂ ಸೇರಿಸಿರಲಿಲ್ಲ.

ಸೋಮವಾರ ಶೋರೂಮಿಗೆ ಫೋನ್ ಮಾಡಿ, ಸೇಲ್ಸ್ ಬೇಡ, ಪಾರ್ಟ್ಸ್ ಕೌಂಟರ್ ಕೊಡಿ ಅಂದೆ. ಅಪ್ಪ ಚೀಟಿಯಲ್ಲಿ ಬರೆಸಿದ್ದರು: ಬೆಲ್ಟು, ವೀಲ್ ಬೇರಿಂಗ್, ಬಾಲ್ ಜಾಯಿಂಟ್, ಆಕ್ಸಲ್, ರೇಡಿಯೇಟರ್ ಫ್ಯಾನು. ಐದರ ಬೆಲೆ ಎಷ್ಟು, ಇವತ್ತು ಶೆಲ್ಫಿನಲ್ಲಿ ಯಾವುದಿದೆ? ನಾನು ಸಹಿ ಹಾಕಬೇಕಿದ್ದ ಹೊಸ ಮಾಡೆಲ್ಲಿಗೆ ಇದ್ದದ್ದು ಬೆಲ್ಟ್ ಒಂದೇ. ಆಕ್ಸಲ್‌ಗೆ ಮೂರು ವಾರ. ನಾಲ್ಕೈದು ವರ್ಷದಿಂದ ಬದಲಾಗದೆ ಬರುತ್ತಿರುವ ಇನ್ನೊಂದು ಮಾಡೆಲ್ಲಿಗೆ ನಾಲ್ಕು ಇದ್ದವು. ಆ ಊರಿನ ರೈತರೆಲ್ಲ ಅದನ್ನೇ ಇಟ್ಟುಕೊಂಡಿದ್ದರಿಂದ ಅಂಗಡಿಯವನು ತರಿಸಿಡಲೇಬೇಕಿತ್ತು. ಸಹಿ ಹಾಕಲಿಲ್ಲ.

ಅಕ್ಟೋಬರ್ ಮೊದಲ ವಾರ, ಹಿಮ ಬೀಳುವ ಮುಂಚೆ, ಮತ್ತೆ ಬಾಡಿಗೆಗೆ ಹೋದೆವು. ಈ ಸಲ ಮಾತ್ರೆ ಅಪ್ಪನ ಜೇಬಿನಲ್ಲಿ, ಹೊಸ ಬೆಲ್ಟು ಸೀಟಿನ ಕೆಳಗೆ, ಹೊರಡುವ ಮುಂಚೆ ಬದಲಾಯಿಸೋದನ್ನು ಬಾಡಿಗೆಯ ಹುಡುಗನಿಂದ ಒಮ್ಮೆ ಮಾಡಿಸಿ ನೋಡಿದ್ದೆ. ಏರು ಬಂದ ಕೂಡಲೇ ಅಪ್ಪ "ಲೋ ಹಾಕು" ಅನ್ನೋರು. ಮೇಲೆ ಮರ ಮುಗಿದು ಬರೀ ಹುಲ್ಲು, ಬೂದು ಕಲ್ಲು. ಗಾಡಿಯಿಂದ ಹತ್ತು ಹೆಜ್ಜೆ ನಡೆದು ಅಪ್ಪ ಒಂದು ಬಂಡೆ ಮೇಲೆ ಕೂತು ಅರ್ಧ ಗಂಟೆ ಸುಮ್ಮನೆ ನೋಡಿದರು. ಫೋಟೋ ತೆಗೀಲಾ ಅಂದರೆ ಕೈ ಅಡ್ಡ ಮಾಡಿದರು.

ಅವರು ಊರಿಗೆ ಹೋದ ಮೇಲೆ, ಮಾರ್ಚ್‌ನಲ್ಲಿ, ಮೂರು ವರ್ಷ ಹಳೆಯ ಹೋಂಡಾ ಪಯೊನೀರ್ ಒಂದನ್ನು 11,500ಕ್ಕೆ ಕೊಂಡೆ. ಅದರಲ್ಲಿ ಬೆಲ್ಟ್ ಇಲ್ಲ, ಕಾರಿನ ಹಾಗೆ ಗೇರುಗಳು. ಗೇರು ಬದಲಾಗುವಾಗ ಸ್ವಲ್ಪ ಜಗ್ಗುತ್ತೆ. ಆ ಗೇರುಪೆಟ್ಟಿಗೆಯೇ ಕೆಟ್ಟರೆ ನೂರಾರು ಬೆಲ್ಟಿನ ದುಡ್ಡಲ್ಲದಿದ್ದರೂ ಹತ್ತಾರು ಬೆಲ್ಟಿನ ದುಡ್ಡಂತೂ ಹೌದು. ಮೀಟರಿನಲ್ಲಿ 210 ಗಂಟೆ, 2,300 ಮೈಲಿ. ಗಂಟೆಗೆ ಹನ್ನೊಂದು ಮೈಲಿ, ಅಂದರೆ ಯಾರೋ ಬೇಲಿ ನೋಡಿಕೊಂಡು ಮೆಲ್ಲಗೆ ಓಡಿಸಿದ್ದು. ಸಾಲ ಮಾಡಲಿಲ್ಲ.

ವಿಡಿಯೋ ಕಾಲಿನಲ್ಲಿ ಗ್ಯಾರೇಜಿಗೆ ಹೋಗಿ ಅಪ್ಪನಿಗೆ ತೋರಿಸಿದೆ. ಸುತ್ತ ತಿರುಗಿಸು ಅಂದರು, ಅಡಿ ತೋರಿಸು ಅಂದರು.

"ಬೆಲ್ಟ್ ಒಂದು ಎಕ್ಸ್‌ಟ್ರಾ ತಗೊಂಡ್ಯಾ?"

"ಇದಕ್ಕೆ ಬೆಲ್ಟೇ ಇಲ್ಲ ಅಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಮತ್ತೆಂತ ಕೆಡುತ್ತೆ, ಅದನ್ನ ಕೇಳಿಕೊಂಡು ಬಾ."