ಖಜಾನೆಯಲ್ಲಿ ಇಲ್ಲದ ನಾಣ್ಯ

ಜೋರ್ಡಾನ್ ದೇಶದ ಪೆಟ್ರಾ ನೋಡಬೇಕೆಂದರೆ ಮೊದಲು ‘ಸೀಕ್’ ಎಂಬ ಕಿರಿದಾದ ಕಣಿವೆಯಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ಬಂಡೆಯ ಬದಿಯುದ್ದಕ್ಕೂ ನಬಾಟಿಯನ್ನರು ಕೊರೆದ ನೀರಿನ ಕಾಲುವೆ. ಕೊನೆಯ ತಿರುವಿನಲ್ಲಿ ಥಟ್ಟನೆ ಎದುರಾಗುವುದು ‘ಖಜ್ನೆ’. ನಮ್ಮ ಖಜಾನೆಗೂ ಅದಕ್ಕೂ ಮೂಲ ಒಂದೇ, ಅರಬ್ಬಿ. ಗೈಡ್ ಅರ್ಥ ಹೇಳಬೇಕಾಗಲಿಲ್ಲ. ಆದರೆ ಹಣ ಇಡಲು ಕಟ್ಟಿದ್ದಲ್ಲ ಅದು, ಬಹುಶಃ ರಾಜನ ಗೋರಿ. ಮೇಲಿನ ಕಲಶದಲ್ಲಿ ಹೊನ್ನಿದೆಯೆಂದು ನಂಬಿ ಬೆದುವಿನರು ಹೊಡೆದ ಗುಂಡಿನ ಗುರುತುಗಳಿವೆ. ಕಲಶವೋ ಗಟ್ಟಿ ಕಲ್ಲು!

ನಾಣ್ಯ ಇದ್ದದ್ದು ಕಾಲಡಿಯ ಮಣ್ಣಿನಲ್ಲಿ. ಹುಡುಗನೊಬ್ಬ ಅಂಗೈ ಬಿಚ್ಚಿ, ಹಸಿರುಗಟ್ಟಿದ ಸಣ್ಣ ಕಂಚಿನ ಬಿಲ್ಲೆ ತೋರಿಸಿದ. ಒಂದು ಮುಖದಲ್ಲಿ ರಾಜ, ರಾಣಿ ಒತ್ತಾಗಿ. ಇನ್ನೊಂದರಲ್ಲಿ ಅಡ್ಡಡ್ಡ ಇಟ್ಟ ಎರಡು ಸಮೃದ್ಧಿಯ ಕೊಂಬು, ನಡುವೆ ಹೆಸರುಗಳು: ಅರೆಟಾಸ್, ಶಕೀಲತ್. ಕ್ರಿ.ಪೂ. 9ರಿಂದ ಕ್ರಿ.ಶ. 40ರವರೆಗೆ ಆಳಿದ ನಾಲ್ಕನೇ ಅರೆಟಾಸ್ ತನ್ನನ್ನು ‘ಪ್ರಜೆಗಳನ್ನು ಪ್ರೀತಿಸುವವನು’ ಎಂದು ಕರೆದುಕೊಂಡ. ರಾಣಿಗೂ ನಾಣ್ಯದಲ್ಲಿ ಜಾಗ ಕೊಟ್ಟ. ಶಕೀಲತ್‌ಗೆ ಮುಂಚೆ ಹುಲ್ದು ಎಂಬ ರಾಣಿಯ ಮುಖವೂ ಇತ್ತು. ಪುರಾತನ ವಸ್ತು ಕೊಳ್ಳುವುದು ಅಲ್ಲಿ ಅಪರಾಧ, ಅಸಲಿಯೋ ನಕಲಿಯೋ ಬೇರೆ ಮಾತು. ನೋಡಿ ಹಿಂದಿರುಗಿಸಿದೆ.

ಅರೆಟಾಸ್ ಹೆಸರಿನ ಇನ್ನೊಂದು ನಾಣ್ಯವಿದೆ, ಅದನ್ನು ಟಂಕಿಸಿದ್ದು ರೋಮ್. ಕ್ರಿ.ಪೂ. 62ರಲ್ಲಿ ಸ್ಕೌರಸ್ ಎಂಬ ಸೇನಾಪತಿ ಪೆಟ್ರಾದತ್ತ ದಂಡೆತ್ತಿ ಬಂದ. ಕಲ್ಲುಗಾಡಿನಲ್ಲಿ ಹಸಿದದ್ದು ಅವನ ಸೈನ್ಯವೇ. ಪಕ್ಕದ ಯೆಹೂದ್ಯ ನಾಡಿನಿಂದ ಧಾನ್ಯ ತರಿಸಬೇಕಾಯಿತು. ಕೊನೆಗೆ ಆಗಿನ ರಾಜ ಮೂರನೇ ಅರೆಟಾಸ್ 300 ಟ್ಯಾಲೆಂಟ್ ಬೆಳ್ಳಿ ಕೊಟ್ಟ, ಸ್ಕೌರಸ್ ಹಿಂದಿರುಗಿದ. ಇಷ್ಟೇ ನಡೆದದ್ದು, ಬರೆದವನು ಇತಿಹಾಸಕಾರ ಜೋಸೆಫಸ್. ಆದರೆ ಕ್ರಿ.ಪೂ. 58ರಲ್ಲಿ ಸ್ಕೌರಸ್ ಹೊರಡಿಸಿದ ಬೆಳ್ಳಿ ನಾಣ್ಯದಲ್ಲಿ ಅರೆಟಾಸ್ ಒಂಟೆಯ ಪಕ್ಕ ಮಂಡಿಯೂರಿ ಆಲಿವ್ ರೆಂಬೆ ಚಾಚಿದ್ದಾನೆ. ದುಡ್ಡು ತಗೊಂಡು ಹೋದವನು ಗೆದ್ದೆನೆಂದು ಅಚ್ಚು ಹಾಕಿಸಿದ! ನನಗೆ ಆ ದಿನವೆಲ್ಲ ಇದೇ ಕೊರೆಯುತ್ತಿತ್ತು.

ಆ ನಾಣ್ಯದ ನಂತರವೂ ನಬಾಟಿಯನ್ನರು ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ತಮ್ಮದೇ ರಾಜರ ಕೆಳಗೆ ಬಾಳಿದರು. ಧೂಪ, ಸಾಂಬಾರಗಳ ವ್ಯಾಪಾರ ಅವರನ್ನು ಸಾಕಿತು. 106ರಲ್ಲಿ ಚಕ್ರವರ್ತಿ ಟ್ರಾಜನ್ ರಾಜ್ಯವನ್ನು ಸೇರಿಸಿಕೊಂಡ. ಅವನ ನಾಣ್ಯದಲ್ಲಿ ‘ಅರೇಬಿಯಾ’ ಎಂಬ ಹೆಣ್ಣು ನೆಟ್ಟಗೆ ನಿಂತಿದ್ದಾಳೆ. ಕಾಲ ಬಳಿ ಒಂಟೆ, ಈ ಸಲ ಬಹಳ ಚಿಕ್ಕದು.