ನೀರಿನ ಕೆಳಗಿನ ದಾರಿ

ನಿಪ್ಪಾಣಿಯನ್ನು ಬಿಟ್ಟು ವೇದಗಂಗೆಯ ತೀರದ ಹಳ್ಳಿಗಳತ್ತ ಹೊರಟವನ ಕಣ್ಣಿಗೆ ಮೊದಲು ಬೀಳುವುದು ಕಬ್ಬು. ಅನಂತರ ಬೀಳುವುದೂ ಕಬ್ಬೇ. ತಂಬಾಕಿನ ಪೇಟೆಯೆಂದು ನಾಡಿನಲ್ಲೆಲ್ಲ ಹೆಸರಾದ ಊರಿನ ಸೆರಗಿನಲ್ಲಿ ಇಷ್ಟೊಂದು ಹಸಿರು ಅಡಗಿದೆಯೆಂದು ನಾನು ಎಣಿಸಿರಲಿಲ್ಲ. ಕಪ್ಪು ಮಣ್ಣು, ಎರಡು ಆಳೆತ್ತರದ ಕಬ್ಬು, ನಡುವೆ ಬೈತಲೆಯಂತೆ ಸಾಗಿದ ಕಿರಿದಾದ ಡಾಂಬರು ದಾರಿ. ಕನ್ನಡವೂ ಮರಾಠಿಯೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತನಾಡುವ ಸೀಮೆ ಇದು.

ಈ ಸೀಮೆಯನ್ನು ಸಲಹುವವು ಮೂರು ನದಿಗಳು. ವೇದಗಂಗೆ ದೂಧಗಂಗೆಯನ್ನು ಕೂಡುತ್ತದೆ. ದೂಧಗಂಗೆ ಕೃಷ್ಣೆಯನ್ನು ಕೂಡುತ್ತದೆ. ಮೂರರ ಹುಟ್ಟೂ ಸಹ್ಯಾದ್ರಿಯಲ್ಲಿ. ಕೃಷ್ಣೆ ಮಹಾಬಳೇಶ್ವರದಿಂದ ಬಂದರೆ, ಉಳಿದೆರಡು ಕೊಲ್ಲಾಪುರ ಜಿಲ್ಲೆಯ ಘಟ್ಟಗಳಿಂದ ಇಳಿದು ಬರುತ್ತವೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನನ್ನ ಕಥೆಯ ತಿರುಳೆಲ್ಲ ಇದರಲ್ಲಿಯೇ ಇದೆ. ಮಳೆ ಸುರಿಯುವುದು ಅಲ್ಲಿ, ಹೊಳೆ ಏರುವುದು ಇಲ್ಲಿ.

2024ರ ಜುಲೈ ತಿಂಗಳಿನ ಕೊನೆಯ ವಾರ. ನದಿಯಾಚೆಯ ಹಳ್ಳಿಯೊಂದರ ತರುಣರು ವಚನ ಸಾಹಿತ್ಯವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ಬಾಡಿಗೆಯ ಕಾರಿನಲ್ಲಿ ಮಧ್ಯಾಹ್ನವೇ ಹೋದೆ. ದಾರಿಯಲ್ಲಿ ಒಂದು ತಗ್ಗು ಸೇತುವೆ. ಕಂದು ಬಣ್ಣದ ನೀರು ಅದರ ಹಲಗೆಯ ಕೆಳಗೆ ಮೂರಡಿಯಷ್ಟು ಅಂತರದಲ್ಲಿ ಗಂಭೀರವಾಗಿ ಹರಿಯುತ್ತಿತ್ತು. ಕಾರನ್ನು ನಿಲ್ಲಿಸಿ ಆ ಚೆಲುವನ್ನು ನೋಡಿ ಸಂತೋಷಪಟ್ಟದ್ದೂ ಉಂಟು.

ಸಭೆ ಮುಗಿದು ಊಟವಾಗುವಾಗ ರಾತ್ರಿ ಹತ್ತು ಗಂಟೆ. ಮರುದಿನ ಬೆಳಿಗ್ಗೆ ನನಗೆ ಕಾಲೇಜಿನಲ್ಲಿ ಪಾಠವಿತ್ತು. ಆತಿಥೇಯರು ಉಳಿಯಲು ಹೇಳಿದರೂ ಕೇಳದೆ ಹೊರಟೆ. ಆಕಾಶ ಶುಭ್ರವಾಗಿತ್ತು, ಒಂದು ಹನಿಯೂ ಇಲ್ಲ. ಸೇತುವೆಯ ಇಳಿಜಾರಿಗೆ ಬಂದಾಗ ಕಾರಿನ ದೀಪದ ಬೆಳಕಿನಲ್ಲಿ ಮುಂದಿನ ದಾರಿ ನುಣ್ಣಗೆ, ಕಪ್ಪಗೆ, ನೇರವಾಗಿ ಕಂಡಿತು. ಚಾಲಕನು ವೇಗವನ್ನು ತಗ್ಗಿಸಿ, "ನೀರು ಬಂದಿರಬಹುದೇನೋ ಸಾರ್" ಎಂದ. ನಾನು, "ಮಧ್ಯಾಹ್ನ ನೋಡಿದೆವಲ್ಲ, ಮೂರಡಿ ಕೆಳಗಿತ್ತು. ಮಳೆಯೂ ಇಲ್ಲ. ಹೋಗೋಣ" ಎಂದೆ. ಈ ಮಾತನ್ನು ಬರೆಯುವಾಗ ಇಂದಿಗೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಬದಿಯ ಕಬ್ಬಿನೊಳಗಿನಿಂದ ಒಂದು ಟಾರ್ಚು ಅಲ್ಲಾಡಿತು. ಹೆಗಲ ಮೇಲೆ ಕಂಬಳಿ ಹೊದ್ದ ಮುದುಕನೊಬ್ಬ ಓಡಿಬಂದು ಕಾರಿನ ಮುಂದೆಯೇ ನಿಂತ. "ನಿಂದರ್‍ರಿ, ನಿಂದರ್‍ರಿ! ಮ್ಯಾಲ ಮಳಿ ಆಗೇತಿ, ಹೊಳಿ ಏರಾಕತ್ತೈತಿ" ಎಂದು ಕೂಗಿದ. ಕೈಯಲ್ಲಿದ್ದ ಕೋಲನ್ನು ನಾನು ದಾರಿಯೆಂದು ತಿಳಿದಿದ್ದ ಕಪ್ಪಿನೊಳಕ್ಕೆ ಇಳಿಸಿ ತೋರಿಸಿದ. ಕೋಲು ಮುಕ್ಕಾಲು ಪಾಲು ಮುಳುಗಿತು. ಪಕ್ಕದಲ್ಲಿ ಅವನು ಎಳೆದುತಂದಿದ್ದ ಜಾಲಿಯ ಮುಳ್ಳಿನ ಕಂಟಿ ಬಿದ್ದಿತ್ತು. ಅದನ್ನು ದಾರಿಗೆ ಅಡ್ಡವಿಡುವ ಮೊದಲೇ ನಾವು ಬಂದುಬಿಟ್ಟಿದ್ದೆವು. ಆ ರಾತ್ರಿ ಅವನ ತೋಟದ ಮನೆಯಲ್ಲಿ ಮಲಗಿದೆವು.

ಬೆಳಗಾದ ಮೇಲೆ ಅದೇ ಜಾಗಕ್ಕೆ ಹೋಗಿ ನೋಡಿದೆ. ಸೇತುವೆ ಇರಲಿಲ್ಲ, ಎಂದರೆ, ನೀರಿನ ಕೆಳಗಿತ್ತು. ಅದು ಎಲ್ಲಿದೆಯೆಂದು ಆಚೆಯ ದಡದ ದಾರಿಯನ್ನು ನೋಡಿ ಊಹಿಸಿಕೊಂಡಾಗ ಎದೆ ಝಲ್ಲೆಂದಿತು. ಸೇತುವೆಗೆ ಇಪ್ಪತ್ತು ಮಾರು ಮೊದಲೇ ದಾರಿ ಎಡಕ್ಕೆ ತಿರುಗುತ್ತದೆ. ರಾತ್ರಿ ನಮ್ಮ ದೀಪಗಳು ತೋರಿಸಿದ ನೇರವಾದ ದಾರಿ ದಾರಿಯೇ ಅಲ್ಲ, ಅದು ಹೊಳೆ.

ಇಂಥ ಸೇತುವೆ ಒಂದಲ್ಲ. ವೇದಗಂಗೆಯ ಮೇಲೆ ಜತ್ರಾಟ–ಭೀವಶಿ, ಸಿದ್ನಾಳ–ಅಕ್ಕೋಳ. ದೂಧಗಂಗೆಯ ಮೇಲೆ ಕಾರದಗಾ–ಭೋಜ, ಮಲಿಕವಾಡ–ದತ್ತವಾಡ. ಕೃಷ್ಣೆಯ ಮೇಲೆ ಕಲ್ಲೋಳ–ಯಡೂರು. ಮಳೆಗಾಲದಲ್ಲಿ ಇವು ಮುಳುಗುವುದು ಈ ಸೀಮೆಯ ವಾಡಿಕೆ. 2019 ಮತ್ತು 2021ರ ಮಹಾಪೂರಗಳಲ್ಲಿಯಂತೂ ಯಮಗರ್ಣಿಯ ಬಳಿ ವೇದಗಂಗೆ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಆವರಿಸಿ ಸಂಚಾರವನ್ನು ನಿಲ್ಲಿಸಿತ್ತು. ಆದರೆ ಮಹಾಪೂರಕ್ಕೆ ಎಲ್ಲರೂ ಅಂಜುತ್ತಾರೆ. ಪತ್ರಿಕೆಗಳು ಬರೆಯುತ್ತವೆ, ಪೋಲೀಸರು ಬರುತ್ತಾರೆ, ದಾರಿ ಮುಚ್ಚುತ್ತದೆ. ಪ್ರಾಣ ತೆಗೆಯಲು ಅಷ್ಟು ನೀರು ಬೇಕಾಗಿಯೇ ಇಲ್ಲ. ಯಾರೂ ಇನ್ನೂ ಎಚ್ಚರಗೊಳ್ಳದ ಮೊದಲ ರಾತ್ರಿಯ ಎರಡಡಿ ನೀರು ಸಾಕು.

ಇದಕ್ಕೆ ಕಾರಣ ಸರಳವಾದ ಗಣಿತ. ಸಣ್ಣ ಕಾರೊಂದು ಸುಮಾರು 3.5 ಮೀಟರ್ ಉದ್ದ, 1.5 ಮೀಟರ್ ಅಗಲ ಇರುತ್ತದೆ. ತೂಕ ಸಾವಿರ ಕಿಲೋಗ್ರಾಮಿನ ಆಸುಪಾಸು. ಅದರ ತಳ ನೆಲದಿಂದ ಒಂದು ಗೇಣಿಗೂ ಕಡಮೆ ಎತ್ತರದಲ್ಲಿದೆ. ನೀರು ಆ ತಳವನ್ನು ದಾಟಿ 20 ಸೆಂಟಿಮೀಟರ್ ಏರಿದರೆ, ಕಾರು ಒತ್ತರಿಸುವ ನೀರು ಒಂದು ಘನ ಮೀಟರ್ ಆಗುತ್ತದೆ. ಆ ನೀರಿನ ತೂಕವೂ ಸಾವಿರ ಕಿಲೋಗ್ರಾಂ. ಅಲ್ಲಿಗೆ ಕಾರು ಕಾರಾಗಿ ಉಳಿಯುವುದಿಲ್ಲ, ದೋಣಿಯಾಗುತ್ತದೆ, ಹುಟ್ಟಿಲ್ಲದ ದೋಣಿ. ಹರಿವಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಕಾಲ್ನಡೆಯವನಿಗೆ ಮೊಣಕಾಲಿನವರೆಗೂ ಬೇಡ. ರಭಸವಾಗಿ ಹರಿಯುವ ಅರ್ಧ ಅಡಿ ನೀರೂ ಅವನನ್ನು ಕೆಡವಬಲ್ಲದು.

ಕತ್ತಲೆ ಈ ಅಪಾಯವನ್ನು ಮರೆಮಾಚುತ್ತದೆ. ಒಣಗಿದ ದಾರಿಯ ಮೇಲೆ ಬಿದ್ದ ದೀಪದ ಬೆಳಕು ಚೆದರಿ ಸ್ವಲ್ಪವಾದರೂ ಚಾಲಕನ ಕಣ್ಣಿಗೆ ಹಿಂದಿರುಗುತ್ತದೆ. ನೀರಿನ ಮೇಲೆ ಬಿದ್ದದ್ದು ಕನ್ನಡಿಯ ಮೇಲೆ ಬಿದ್ದಂತೆ ಮುಂದಕ್ಕೆ ಜಾರಿಹೋಗುತ್ತದೆ. ಆದ್ದರಿಂದಲೇ ನಿಂತ ನೀರು ಹೊಸ ಡಾಂಬರಿನಂತೆ ಕಾಣುವುದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡದ್ದು ನೀರೆಂದು ಮನಸ್ಸು ನಿಶ್ಚಯಿಸುವಷ್ಟರಲ್ಲಿ ಕಾರು ನೀರಿನಲ್ಲಿರುತ್ತದೆ.

ಹಾಗಾದರೆ ಇಂಥ ಸೇತುವೆಗೆ ಗಟ್ಟಿಯಾದ ಕೈಪಿಡಿ ಗೋಡೆಯನ್ನು ಏಕೆ ಕಟ್ಟುವುದಿಲ್ಲ? ಈ ಪ್ರಶ್ನೆಯನ್ನು ನನ್ನ ಇಂಜಿನಿಯರ್ ಮಿತ್ರರಲ್ಲಿ ಕೇಳಿದೆ. ಮುಳುಗಲೆಂದೇ ಕಟ್ಟಿದ ಸೇತುವೆಗೆ ಗೋಡೆಯೇ ಶತ್ರುವೆಂದು ಅವರು ತಿಳಿಸಿದರು. ತೇಲಿಬಂದ ಮರ, ಕಸಕಡ್ಡಿ ಗೋಡೆಗೆ ಸಿಕ್ಕಿ ಅಣೆಕಟ್ಟಿನಂತಾಗಿ, ಪ್ರವಾಹವು ಸೇತುವೆಯನ್ನೇ ದೂಡಿಹಾಕಬಹುದು. ಸೇತುವೆಯನ್ನು ಉಳಿಸುವ ಉಪಾಯವೇ ಮನುಷ್ಯನಿಗೆ ಅಂಚಿಲ್ಲದ ದಾರಿಯನ್ನು ಕೊಟ್ಟಿದೆ. ಎತ್ತರದ ಸೇತುವೆಯೇ ಕೊನೆಯ ಪರಿಹಾರ. ಆದರೆ ಅದಕ್ಕೆ ಹಣ ಬೇಕು, ವರ್ಷಗಳು ಬೇಕು.

ಅಲ್ಲಿಯವರೆಗೆ ಮಾಡಬಹುದಾದುದು ದುಬಾರಿಯಲ್ಲ. ದಾರಿಯ ಎರಡು ಅಂಚಿಗೂ, ಮುಖ್ಯವಾಗಿ ತಿರುವಿನಲ್ಲಿ, ನೀರಿಗೆ ಅಡ್ಡಿಯಾಗದ ತೆಳುವಾದ ಎತ್ತರದ ಕಂಬಗಳು. ಅವುಗಳ ಮೇಲೆ ಬಂದ ಬೆಳಕನ್ನು ಬಂದತ್ತಲೇ ಹಿಂದಿರುಗಿಸುವ ಬಿಲ್ಲೆಗಳು. ಇಂಗ್ಲೆಂಡಿನ ಯಾರ್ಕ್‌ಷೈರಿನ ಪರ್ಸಿ ಶಾ ಎಂಬಾತ ದಾರಿಯ ನಡುವೆ ಹುದುಗಿಸುವ 'ಬೆಕ್ಕಿನ ಕಣ್ಣು' ಎಂಬ ಗಾಜಿನ ಗುಂಡುಗಳನ್ನು ರೂಪಿಸಿದ್ದು 1934ರಲ್ಲಿ, ವಿದ್ಯೆ ಹೊಸತಲ್ಲ. ಇಳಿಜಾರಿನ ಆರಂಭದಲ್ಲಿ ನೀರಿನ ಆಳವನ್ನು ಹೇಳುವ ಬಣ್ಣದ ಗೆರೆಗಳ ಕಂಬ; ಬಿಸಿಲಿನಿಂದ ಶಕ್ತಿ ಪಡೆದು ರಾತ್ರಿ ಉರಿಯುವ ಒಂದು ದೀಪ; ಬೀಗ ಹಾಕಬಹುದಾದ ಒಂದು ಅಡ್ಡಗಂಬ; ಅದರ ಬೀಗದ ಕೈಯನ್ನು ಇಟ್ಟುಕೊಂಡು ಸಂಬಳ ಪಡೆಯುವ ಊರಿನ ಒಬ್ಬ ಕಾವಲುಗಾರ. ಮೇಲಿನ ಪಾಟಗಾಂವ ಜಲಾಶಯದಿಂದ ನೀರು ಬಿಟ್ಟರೆಂಬ ಸುದ್ದಿ ನೀರಿಗಿಂತ ಮೊದಲೇ ಆ ಕಾವಲುಗಾರನನ್ನು ಮುಟ್ಟಬೇಕು. ಎಲ್ಲರ ಜೇಬಿನಲ್ಲಿಯೂ ಫೋನು ಇರುವ ಕಾಲದಲ್ಲಿ ಇದು ಕಷ್ಟವೆ?

ಇದು ಹಳ್ಳಿಗಾಡಿನ ಸಂಕಟವೆಂದು ನಗರವಾಸಿಗಳು ನಿಟ್ಟುಸಿರು ಬಿಟ್ಟು ಸುಮ್ಮನಾಗಬಾರದು. 1905ರಲ್ಲಿಯೇ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅದೇ ಬೆಂಗಳೂರಿನಲ್ಲಿ, ವಿಧಾನಸೌಧಕ್ಕೆ ಸಮೀಪದ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ, 2023ರ ಮೇ 21ರಂದು ಮಳೆಯ ನೀರಿಗೆ ಸಿಕ್ಕ ಕಾರಿನಲ್ಲಿದ್ದ ಇಪ್ಪತ್ತೆರಡು ವರ್ಷದ ತರುಣಿಯೊಬ್ಬಳು ಪ್ರಾಣ ಬಿಟ್ಟಳು. ಅದೂ ಹಾಡುಹಗಲು. ಅಲ್ಲಿಯೂ ನೀರಿನ ಆಳವನ್ನು ಹೇಳಿ 'ನಿಲ್ಲು' ಎನ್ನುವ ಒಂದು ಗುರುತು, ಒಂದು ತಡೆ ಬೇಕಾಗಿತ್ತು.

ಹೊರಡುವಾಗ ಮುದುಕನಿಗೆ ಏನಾದರೂ ಕೊಡಬೇಕೆಂದು ಜೇಬಿಗೆ ಕೈ ಹಾಕಿದೆ. "ರೊಕ್ಕ ಬ್ಯಾಡ್ರಿ" ಎಂದ. "ಪರಊರಿನವರು ಅಂಜಿ ನಿಂದರ್ತಾರ. ದಾರಿ ಗೊತ್ತಿದ್ದವರ ಹೋಗತಾರ ನೋಡ್ರಿ" ಎಂದು ಸೇರಿಸಿದ. ಅವನು 'ಹೋಗತಾರ' ಎಂದುದರ ಅರ್ಥ ನನಗೆ ಹೊಳೆದದ್ದು ಸುತ್ತುದಾರಿಯಲ್ಲಿ ಬಹುದೂರ ಬಂದ ಮೇಲೆ. ಒಂದೇ ಒಂದು ಮಧ್ಯಾಹ್ನ ಆ ಸೇತುವೆಯನ್ನು ದಾಟಿದ್ದ ನಾನು, ದಾರಿ ಬಲ್ಲವನಂತೆ ಚಾಲಕನಿಗೆ ಆಜ್ಞೆ ಮಾಡಿದ್ದೆನಲ್ಲವೆ?

ಅಂದು ಹತ್ತು ಗಂಟೆಯ ಪಾಠ ತಪ್ಪಿತು. ಮರುದಿನ ತರಗತಿಯಲ್ಲಿ ಅದಕ್ಕೆ ಕಾರಣವನ್ನು ಹೇಳಿದೆ. ಹೊಳೆಯಾಚೆಯ ಊರುಗಳಿಂದ ಬರುವ ಮೂವರು ಹುಡುಗರು ತಲೆ ತಗ್ಗಿಸಿ ನಕ್ಕರು. ಅವರೂ ಅಂಥ ನೀರನ್ನು ಎಷ್ಟೋ ಸಲ ಮೋಟಾರ್ ಸೈಕಲ್ಲಿನಲ್ಲಿ ದಾಟಿದವರು. ಅಂದಿನಿಂದ ಮಳೆಗಾಲದ ಮೊದಲ ವಾರ ಪಾಠಕ್ಕೆ ಮುನ್ನ ಅವರಿಗೆ ಒಂದೇ ಮಾತು ಹೇಳುತ್ತೇನೆ: ನೀರಿನ ಕೆಳಗೆ ದಾರಿ ಕಾಣದಿದ್ದರೆ, ಅಲ್ಲಿ ದಾರಿ ಇಲ್ಲ. ತರಗತಿಗೆ ಬಾರದಿದ್ದರೂ ಚಿಂತೆಯಿಲ್ಲ, ಹಾಜರಿಯನ್ನು ನಾನು ನೋಡಿಕೊಳ್ಳುತ್ತೇನೆ.

ಆ ಮುದುಕ ಇಂದಿಗೂ ಮುಳ್ಳಿನ ಕಂಟಿಯನ್ನು ಎಳೆದು ಕಾಯುತ್ತಿರಬಹುದು. ಆದರೆ ಅವನಿಗೂ ಒಂದು ರಾತ್ರಿ ನಿದ್ದೆ ಬರಬಹುದಲ್ಲವೆ? ಆ ರಾತ್ರಿಗಾಗಿಯಾದರೂ ಅಲ್ಲೊಂದು ದೀಪ ಇರಬೇಕು.